ಚಿತ್ರ ನೋಡಿ ಕ್ಯಾನ್ಸರ್ ಹೇಳಲು ವೈದ್ಯರೇಕೆ ಹಿಂಜರಿಯುತ್ತಾರೆ?

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಭಕ್ತರು ಈಗ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರ ಸಲಹೆ ಪಡೆಯಬಹುದು. ಕೇಂದ್ರ ಸರ್ಕಾರವು 2020ರ ಮಾರ್ಚ್‌ನಲ್ಲಿ ದೂರವೈದ್ಯಕ್ಕೆ ನಿಯಮಾವಳಿಯನ್ನೂ ಪ್ರಕಟಿಸಿದೆ. ಆದರೆ ಮಚ್ಚೆಯ ಚಿತ್ರ ಕಳುಹಿಸಿದಾಗ ವೈದ್ಯರು “ನೇರವಾಗಿ ಬನ್ನಿ” ಎಂದರೆ ಕೆಲವರು ಬೇಸರಪಡುತ್ತಾರೆ. ಈ ಬೇಸರ ಸಲ್ಲದೆಂದು ನಾವು ಭಾವಿಸುತ್ತೇವೆ.

ಬೆಳಕು ಬದಲಾದರೆ ಚಿತ್ರದಲ್ಲಿ ಚರ್ಮದ ಬಣ್ಣವೂ ಬದಲಾಗುತ್ತದೆ. ಗಾಯದ ಅಂಚು ಗಟ್ಟಿಯಾಗಿದೆಯೇ, ತೊಡೆಸಂದಿಯಲ್ಲಿ ಗಂಟು ಕಟ್ಟಿದೆಯೇ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಕೊನೆಯ ಮಾತು ಬಯಾಪ್ಸಿಯದೇ. ಹಾಗೆಂದು ಚಿತ್ರ ನಿಷ್ಪ್ರಯೋಜಕವಲ್ಲ. ಯಾರು ಇಂದೇ ಬರಬೇಕು, ಯಾರು ಕಾಯಬಹುದು ಎಂದು ವಿಂಗಡಿಸಲು ಅದು ಬಹಳ ನೆರವಾಗುತ್ತದೆ. ಸುತ್ತೂರು ಮಠದ ಆಶ್ರಯದಲ್ಲಿ ಬೆಳೆದ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಚರ್ಮತಜ್ಞರು ಈ ವಿಧಾನವನ್ನು ಕುರಿತು ಬಹಳ ಹಿಂದೆಯೇ ಬರೆದಿದ್ದಾರೆಂಬುದು ನಮಗೆ ಅಭಿಮಾನದ ಸಂಗತಿ.

ನಮ್ಮ ಜನರಲ್ಲಿ ಮೆಲನೋಮ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿಯೋ ಉಗುರಿನಡಿಯಲ್ಲಿಯೋ ಕಾಣಿಸಿಕೊಳ್ಳುತ್ತದೆ. ಅದನ್ನು ಆಣಿಯೆಂದೋ ಮುಳ್ಳು ಚುಚ್ಚಿದ ಗಾಯವೆಂದೋ ತಿಂಗಳುಗಟ್ಟಲೆ ಕಡೆಗಣಿಸುವುದುಂಟು. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಹಳೆಯ ಸುಟ್ಟ ಕಲೆಗಳನ್ನೂ ಗಮನಿಸಿರಿ. ಅಂತಹ ಕಲೆಯಲ್ಲಿ ಮಾಯದ ಹುಣ್ಣು ಎದ್ದರೆ ಅದು ಕ್ಯಾನ್ಸರ್ ಆಗಿರಬಹುದು.

ಚಿತ್ರವನ್ನು ಹಗಲು ಬೆಳಕಿನಲ್ಲಿ, ಅರಿಶಿನ, ಮುಲಾಮು ಒರೆಸಿ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯವಿರಲಿ. ದೂರದಿಂದ ಒಂದು, ಹತ್ತಿರದಿಂದ ಒಂದು ಸಾಕು. ವೈದ್ಯರು ಬರಹೇಳಿದರೆ ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ತಡಮಾಡದೆ ಹೋಗಿರಿ.