ಕಾಲ್ಚೆಂಡಾಟದಲ್ಲಿ ಹಿಂಗಾವಲಿನವರು

ನಮ್ಮ ನೆಹರು ಮೈದಾನದಲ್ಲಿ ಮಳೆಗಾಲದ ಕೆಸರನ್ನೂ ಲೆಕ್ಕಿಸದೆ ಕಾಲ್ಚೆಂಡಾಡುವವರನ್ನು ಕಾಣದ ಮಂಗಳೂರಿಗರು ವಿರಳ. ಆದರೆ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುವುದರಿಂದ, ಗೋಲು ಹೊಡೆದವನ ಹೆಸರು ಸಂಜೆಯೊಳಗೆ ಊರೆಲ್ಲಾ ಹಬ್ಬುತ್ತದೆ. ಗೋಲಾಗದಂತೆ ತಡೆದವನ ಹೆಸರನ್ನು ಕೇಳುವವರಿಲ್ಲ. ಈ ಎರಡನೆಯವನ ಕೆಲಸವೇನು, ಅದನ್ನೇ ಜೀವನೋಪಾಯವಾಗಿ ಮಾಡಿಕೊಂಡವರ ಬಾಳು ಎಂಥದು, ನಮ್ಮ ಹುಡುಗಿಯರು ಅದರಿಂದ ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

1. ಕೆಲಸದ ಸ್ವರೂಪ

ತಂಡದ ಹನ್ನೊಂದು ಮಂದಿಯಲ್ಲಿ ಒಬ್ಬನು ಗೋಲ್‌ಕೀಪರ್. ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರೇ ಹಿಂಗಾವಲಿನವರು. ಹಳಬರು ಇವರನ್ನು ಬ್ಯಾಕ್ ಎನ್ನುತ್ತಿದ್ದರು. ಪೂರ್ವದಲ್ಲಿ ಇಂಥವರು ಇಬ್ಬರೇ ಇದ್ದರು. 1925ರಲ್ಲಿ ಆಫ್‌ಸೈಡ್ ನಿಯಮವು ಬದಲಾಯಿತು. ಅದುವರೆಗೆ, ಮುಂದೆ ನಿಂತವನಿಗೆ ಚೆಂಡು ಕಳುಹಿಸುವಾಗ ಅವನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಾಗಿತ್ತು. ಆಮೇಲೆ ಇಬ್ಬರಿದ್ದರೆ ಸಾಕೆಂದಾಯಿತು. ದಾಳಿ ಸುಲಭವಾಗಿ ಗೋಲುಗಳು ಹೆಚ್ಚಲು, ನಡುವಿನ ಆಟಗಾರನೊಬ್ಬನನ್ನು ಹಿಂದಕ್ಕೆ ಕರೆದು ಮೂವರನ್ನು ನಿಲ್ಲಿಸಿದರು. ಈಗ ಸಾಮಾನ್ಯವಾಗಿ ನಾಲ್ವರು ನಿಲ್ಲುತ್ತಾರೆ.

ಇವರ ವಿದ್ಯೆಯಲ್ಲಿ ಓಟಕ್ಕಿಂತ ತಾಳ್ಮೆಯೇ ಮುಖ್ಯ. ಎದುರಾಳಿಯ ಮೇಲೆ ದುಡುಕಿ ಬೀಳದೆ, ಅವನಿಗೂ ಗೋಲಿಗೂ ನಡುವೆ ನಿಂತು, ಅವನನ್ನು ಮೆಲ್ಲಮೆಲ್ಲನೆ ಅಂಚಿಗೆ ತಳ್ಳಬೇಕು. ಜೊತೆಗಾರ್ತಿಯು ಮುಂದೆ ಹೋದರೆ ಅವಳು ಬಿಟ್ಟ ಸ್ಥಳವನ್ನು ಹೇಳಿಸಿಕೊಳ್ಳದೆ ತುಂಬಬೇಕು. ಎದುರಾಳಿಯನ್ನು ಆಫ್‌ಸೈಡಿಗೆ ಸಿಕ್ಕಿಸಲು ನಾಲ್ವರೂ ಒಂದೇ ಗೆರೆಯಾಗಿ ಮುಂದೆ ಬರುವಾಗ, ಒಬ್ಬಳು ಹಿಂದುಳಿದರೂ ಉಳಿದ ಮೂವರ ಶ್ರಮ ವ್ಯರ್ಥವೇ.

2. ಒಬ್ಬರ ವೃತ್ತಿಜೀವನ

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಆಡಿದ ಜಾನ್ ಜಾನ್ಸನ್ ಎಂಬವರನ್ನು ಉದಾಹರಿಸಬಹುದು. ಇವರು 1988ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋ ಎಂಬ ಕಬ್ಬಿಣದ ಕೈಗಾರಿಕೆಗೆ ಹೆಸರಾದ ಊರಿನಲ್ಲಿ ಹುಟ್ಟಿ, ಅಲ್ಲಿಯ ಕ್ಲಬ್ಬಿನಲ್ಲಿಯೇ ಶಿಕ್ಷಣ ಪಡೆದರು. ಆ ದೊಡ್ಡ ತಂಡದಲ್ಲಿ ಸ್ಥಿರವಾದ ಸ್ಥಾನ ದೊರೆಯಲಿಲ್ಲವಾಗಿ, ಇಂಗ್ಲೆಂಡಿನ ನಾಲ್ಕನೆಯ ದರ್ಜೆಯಲ್ಲಿದ್ದ ನಾರ್ತಾಂಪ್ಟನ್ ತಂಡದಲ್ಲಿ ಆಡಿದರು. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಹೊಸದಾಗಿ ಸ್ಥಾಪಿತವಾದಾಗ ಸಮುದ್ರ ದಾಟಿ ಬಂದು ಅದನ್ನು ಸೇರಿದರು. ಅದರ ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಸಹ ಪೂರ್ವದಲ್ಲಿ ಹಿಂಗಾವಲಿನ ಆಟಗಾರರೇ.

ಜಾನ್ಸನ್ ಐದು ವರ್ಷ ಬೆಂಗಳೂರಿನಲ್ಲಿ ನಿಂತರು. ಆ ಅವಧಿಯಲ್ಲಿ ತಂಡವು 2014 ಮತ್ತು 2016ರಲ್ಲಿ ಐ-ಲೀಗನ್ನೂ, 2015 ಮತ್ತು 2017ರಲ್ಲಿ ಫೆಡರೇಷನ್ ಕಪ್ಪನ್ನೂ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಾಟವನ್ನು ತಲುಪಿದ ಪ್ರಥಮ ಭಾರತೀಯ ತಂಡವೆನಿಸಿತು. ಸುನಿಲ್ ಛೇತ್ರಿಯವರ ಗೋಲುಗಳನ್ನು ಎಲ್ಲರೂ ಬಲ್ಲರು. ಹಿಂದೆ ಕಾವಲಿದ್ದವರನ್ನು ಬಲ್ಲವರು ಕೆಲವರೇ.

ಈ ಕೆಲಸದ ಕಠಿಣತೆಯು 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಸ್ಪಷ್ಟವಾಯಿತು. ಇಂಡಿಯನ್ ಸೂಪರ್ ಲೀಗಿನಲ್ಲಿ ಆ ವರ್ಷ ಬೆಂಗಳೂರು 40 ಅಂಕಗಳೊಡನೆ ಎಲ್ಲರಿಗಿಂತ ಮುಂದಿತ್ತು. ಆದರೂ ಅಂತಿಮ ಪಂದ್ಯಾಟದಲ್ಲಿ ಚೆನ್ನೈಯಿನ್ ತಂಡಕ್ಕೆ 3-2ರಿಂದ ಸೋತಿತು. ಚೆನ್ನೈಯಿನ್ ತಂಡದ ಹಿಂಗಾವಲಿನ ಆಟಗಾರ ಮೈಲ್ಸನ್ ಆಲ್ವೆಸ್‌ರವರೇ ಮೂಲೆಯಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಎರಡು ಗೋಲು ಗಳಿಸಿದರು. ತಿಂಗಳುಗಟ್ಟಲೆ ಕಾದ ಕೋಟೆ ಎರಡು ಕ್ಷಣಗಳ ಎಚ್ಚರಗೇಡಿನಿಂದ ಬಿದ್ದಿತು. ಮರು ತಿಂಗಳೇ ಭುವನೇಶ್ವರದಲ್ಲಿ ಬೆಂಗಳೂರು ಸೂಪರ್ ಕಪ್ಪನ್ನು ಗೆದ್ದುಕೊಂಡಿತು. ಅದೇ ವರ್ಷ ಜಾನ್ಸನ್ ಕೋಲ್ಕತ್ತಾದ ತಂಡವೊಂದಕ್ಕೆ ತೆರಳಿದರು. ವೃತ್ತಿಯ ಆಟಗಾರನಿಗೆ ಒಪ್ಪಂದ ಮುಗಿದಲ್ಲಿಗೆ ಊರೂ ಮುಗಿಯಿತು.

3. ಸಂಬಳವೂ ಸೇವೆಯೂ

ನಮ್ಮ ದೇಶದಲ್ಲಿ ಎಲ್ಲ ಕಾಲಕ್ಕೂ ಆಟವು ಸಂಬಳದ ಉದ್ಯೋಗವಾಗಿರಲಿಲ್ಲ. ಮೋಹನ್ ಬಾಗಾನ್ ತಂಡದಲ್ಲಿ 1942ರಿಂದ 1960ರ ವರೆಗೆ ಆಡಿದ ಶೈಲೇನ್ ಮನ್ನಾರವರು ಆಟಕ್ಕಾಗಿ ಹಣ ಪಡೆಯದೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ನೌಕರಿಯಿಂದ ಜೀವಿಸಿದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಬೆಂಗಳೂರಿನ ಎಸ್. ರಾಮನ್ ನಮ್ಮ ಏಕೈಕ ಗೋಲನ್ನು ಹೊಡೆದರು. ಮನ್ನಾರವರಾದರೋ ಪೆನಾಲ್ಟಿಯನ್ನು ಕಳೆದುಕೊಂಡರು, ನಾವು 2-1ರಿಂದ ಸೋತೆವು. ಅಷ್ಟಕ್ಕೇ ಅವರು ಕುಗ್ಗಲಿಲ್ಲ. 1951ರಲ್ಲಿ ಅವರ ನಾಯಕತ್ವದಲ್ಲಿಯೇ ಭಾರತವು ಹೊಸದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕವನ್ನು ಗಳಿಸಿತು.

4. ನಮ್ಮ ಹೆಣ್ಣುಮಕ್ಕಳು

ಇದೆಲ್ಲವೂ ಗಂಡಸರ ಮಾತಾಯಿತೆಂದು ವಾಚಕರು ಎಣಿಸಬಾರದು. 1993ರಲ್ಲಿ ಇಂಫಾಲದಲ್ಲಿ ಜನಿಸಿದ ಆಶಾಲತಾ ದೇವಿಯವರು ಹಿಂಗಾವಲಿನ ಆಟಗಾರ್ತಿಯಾಗಿಯೇ ಭಾರತದ ನಾಯಕಿಯಾದರು. 2019ರಲ್ಲಿ ನೇಪಾಳದ ಬಿರಾಟ್‌ನಗರದಲ್ಲಿ ದಕ್ಷಿಣ ಏಷ್ಯಾದ ಪ್ರಶಸ್ತಿಯನ್ನು ಅವರ ತಂಡವು ಗೆದ್ದಿತು. ರಾಷ್ಟ್ರೀಯ ಸಂಸ್ಥೆಯು 2018-19ನೇ ಸಾಲಿನ ಶ್ರೇಷ್ಠ ಆಟಗಾರ್ತಿಯೆಂದು ಅವರನ್ನೇ ಆರಿಸಿತು. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು ರಾಷ್ಟ್ರೀಯ ಮಹಿಳಾ ಲೀಗಿನ ಅಂತಿಮ ಪಂದ್ಯಾಟದ ವರೆಗೆ ಹೋದರು. ದಾರಿ ತೆರೆದಿದೆ.

ಹೀಗಿರಲಾಗಿ, ಎಂಟನೆಯ ತರಗತಿಯ ತನಕ ಉತ್ಸಾಹದಿಂದ ಆಡಿದ ಮಗಳನ್ನು ಒಂಬತ್ತನೆಯದರಲ್ಲಿ ಮನೆಯೊಳಗೆ ಕೂರಿಸುವ ಪೋಷಕರೊಡನೆ ನನ್ನದೊಂದು ವಿನಂತಿ. ನಿಮ್ಮ ಆತಂಕವು ನಿರಾಧಾರವೆಂದು ನಾನು ಹೇಳಲಾರೆ. ಮೊಣಕಾಲಿನ ಒಂದು ಪೆಟ್ಟಿನಿಂದ ಈ ವೃತ್ತಿಯು ನಿಂತುಹೋಗಬಹುದು. ನಿಲ್ಲದಿದ್ದರೂ ಮೂವತ್ತೈದರ ಆಸುಪಾಸಿನಲ್ಲಿ ಅದು ಮುಗಿಯುವುದು. ಆದಕಾರಣ ಓದನ್ನು ಬಿಟ್ಟು ಆಟವನ್ನು ಹಿಡಿಯಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಓದಿನ ಹೆಸರಿನಲ್ಲಿ ಆಟವನ್ನು ಕಸಿದುಕೊಳ್ಳಬೇಡಿರಿ ಎಂಬುದಷ್ಟೇ ನನ್ನ ಮಾತು. ಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ಸ್ತ್ರೀಯರು ದಿನನಿತ್ಯ ಮಾಡುವ ಕೆಲಸದಲ್ಲಿ ಬಹುಪಾಲು, ಕೇಡು ಆಗದಂತೆ ನೋಡಿಕೊಳ್ಳುವುದೇ ಅಲ್ಲವೇ? ಆಗದ ಕೇಡನ್ನು ಯಾರೂ ಎಣಿಸುವುದಿಲ್ಲ. ಅಂಥ ಕೆಲಸವನ್ನು ತಲೆಯೆತ್ತಿ ಮಾಡುವ ಅಭ್ಯಾಸ ಮೈದಾನದಲ್ಲಿ ದೊರೆಯುವುದಾದರೆ ದೊರೆಯಲಿ.

ಮಗಳು ಆಡಿ ಮನೆಗೆ ಬಂದಾಗ, ಎಷ್ಟು ಗೋಲು ಹೊಡೆದೆ ಎಂದು ಮಾತ್ರ ಕೇಳದೆ, ನೀನು ಎಲ್ಲಿ ನಿಂತಿದ್ದೆ, ಯಾರನ್ನು ತಡೆದೆ ಎಂದೂ ಕೇಳಿರಿ. ಹಿಂದೆ ನಿಂತವಳಿಗೂ ಹೇಳಲು ಬಹಳವಿರುತ್ತದೆ.