ಬ್ಯಾಟರಿ ಹಳೆಯದಾದಾಗ ಮನೆಯವರ ಆರೋಗ್ಯ

ಬೇಸಿಗೆ ಬಂತೆಂದರೆ ಕಾರು, ಟ್ರ್ಯಾಕ್ಟರ್, ಇನ್ವರ್ಟರ್‌ಗಳ ಬ್ಯಾಟರಿ ಕೈಕೊಡುತ್ತವೆ. ಅದರ ಬೆನ್ನಿಗೇ ಆಸಿಡ್ ಸಿಡಿದ ಕಣ್ಣು, ಸುಟ್ಟ ಕೈ, ಕಾರಣ ತಿಳಿಯದ ಹೊಟ್ಟೆನೋವು ಆಸ್ಪತ್ರೆಗೆ ಬರುತ್ತವೆ. ಈ ಸಲದ ನಾಲ್ಕೂ ಪ್ರಶ್ನೆಗಳು ಇದೇ ವಿಷಯಕ್ಕೆ ಸಂಬಂಧಿಸಿದವು.

ಪ್ರಶ್ನೆ: ಡಾಕ್ಟರೇ, ನಮ್ಮ ತಾಯಿಗೆ ರಾತ್ರಿ ಎದೆನೋವು ಬಂತು. ಕಾರು ಸ್ಟಾರ್ಟ್ ಆಗಲಿಲ್ಲ. ತಳ್ಳಿ ಸ್ಟಾರ್ಟ್ ಮಾಡುವಷ್ಟರಲ್ಲಿ ಬಹಳ ಹೊತ್ತಾಯಿತು. ದೇವರ ದಯೆ, ತಾಯಿ ಈಗ ಆರಾಮಿದ್ದಾರೆ. ಬ್ಯಾಟರಿಗೆ ನಾಲ್ಕು ವರ್ಷವಾಗಿದೆ. ಬದಲಾಯಿಸಬೇಕೆ?
– ಓದುಗರು, ಕೊಟ್ಟೂರು

ಉತ್ತರ: ಮೊದಲು ತಾಯಿಯವರ ಮಾತು. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ ಕಾರಿನ ಹಿಂದೆ ನಿಲ್ಲಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಒಬ್ಬರು ಕರೆ ಮಾಡಲಿ, ಇನ್ನೊಬ್ಬರು ಅಕ್ಕಪಕ್ಕದವರ ಗಾಡಿ ಕೇಳಲಿ. ರೋಗಿಯನ್ನು ನಡೆಸಬೇಡಿ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಬಹಳ ಅಮೂಲ್ಯ.

ಇನ್ನು ಬ್ಯಾಟರಿ. ಕಾರಿನ ಸೀಸ-ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಮೂರು ವರ್ಷ ದಾಟಿದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಿಸಿಲಿಗೆ ಒಳಗಿನ ನೀರು ಆರುತ್ತದೆ, ಸೀಸದ ಪ್ಲೇಟುಗಳು ಬೇಗ ಸವೆಯುತ್ತವೆ. ಬೇಸಿಗೆಯಲ್ಲಿ ಬಡವಾದ ಬ್ಯಾಟರಿ ಎಷ್ಟೋ ಸಲ ಚಳಿಗಾಲದ ಬೆಳಗಿನಲ್ಲಿ ಕೈಕೊಡುತ್ತದೆ. ದಿನವೂ ಸಂತೆಗೆ, ಶಾಲೆಗೆ ಎಂದು ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಅದು ಪೂರ್ತಿ ಚಾರ್ಜ್ ಆಗುವುದೇ ಇಲ್ಲ.

ಸೆಲ್ಫ್ ಎಳೆದೆಳೆದು ತಿರುಗುವುದು, ಹೆಡ್‌ಲೈಟ್ ಮಂಕಾಗುವುದು, ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುವುದು, ಡಬ್ಬಿ ಉಬ್ಬುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು, ಇವು ಎಚ್ಚರಿಕೆಯ ಲಕ್ಷಣಗಳು. ಉಬ್ಬಿದ್ದರೆ ಅಥವಾ ವಾಸನೆ ಬಂದರೆ ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿಳಿದರೆ ಖಾಲಿ. ಚಾರ್ಜ್ ಮಾಡಿದ ಮೇಲೂ ನಿಲ್ಲದಿದ್ದರೆ ಅದರ ಕಾಲ ಮುಗಿಯಿತು. ಎರಡು ವರ್ಷ ಕಳೆದ ಮೇಲೆ ಆರು ತಿಂಗಳಿಗೊಮ್ಮೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಹೃದ್ರೋಗಿ, ತುಂಬು ಗರ್ಭಿಣಿ, ಆಸ್ತಮಾ ಇರುವವರ ಮನೆಯಲ್ಲಿ ಬ್ಯಾಟರಿ ಪೂರ್ತಿ ಸಾಯುವವರೆಗೆ ಕಾಯಬೇಡಿ. ನಿಮ್ಮದನ್ನು ಈಗಲೇ ಬದಲಾಯಿಸಿ.

ಪ್ರಶ್ನೆ: ನನ್ನ ತಮ್ಮ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾನೆ. ಬ್ಯಾಟರಿಗೆ ನೀರು ಹಾಕುವಾಗ ಆಸಿಡ್ ಕಣ್ಣಿಗೆ ಸಿಡಿಯಿತು. ಎರಡು ಸಲ ನೀರು ಚಿಮುಕಿಸಿ, ಮನೆಯಲ್ಲಿ ಎದೆಹಾಲು, ಹರಳೆಣ್ಣೆ ಹಾಕಿದೆವು. ಕೆಂಪು ಇಳಿದಿದೆ, ಮಂಜು ಮಾತ್ರ ಹೋಗಿಲ್ಲ.
– ಹೆಸರು ಬೇಡ, ಹರಪನಹಳ್ಳಿ

ಉತ್ತರ: ಈ ಪತ್ರಿಕೆ ಕೈಯಲ್ಲಿರುವಾಗಲೇ ಅವನನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಮಂಜು ಉಳಿದಿದೆ ಎಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಗಾಯವಾಗಿರುವ ಸಂಭವವಿದೆ. ಕೆಂಪು ಇಳಿದದ್ದನ್ನು ನೋಡಿ ವಾಸಿಯಾಯಿತು ಅಂದುಕೊಳ್ಳಬೇಡಿ.

ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ಅದು ಬಿದ್ದ ಕ್ಷಣದಿಂದ ಸುಡುತ್ತಲೇ ಇರುತ್ತದೆ. ಅದಕ್ಕೆ ಮೊದಲ ಮದ್ದು ನೀರು, ಅದೂ ಧಾರಾಳವಾಗಿ. ಗಾಯವಾದ ಕಣ್ಣು ಕೆಳಗೆ ಬರುವಂತೆ ತಲೆ ಓರೆ ಮಾಡಿ. ಇಲ್ಲದಿದ್ದರೆ ತೊಳೆದ ನೀರು ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನಲ್ಲಿಯಿಂದಲೋ ಚೆಂಬಿನಿಂದಲೋ ಸಣ್ಣ ಧಾರೆಯಾಗಿ ಕನಿಷ್ಠ ಇಪ್ಪತ್ತು ನಿಮಿಷ ನೀರು ಬಿಡಬೇಕು. ಕುಡಿಯುವ ನೀರಿಗಾಗಿ ಹುಡುಕಾಡುತ್ತ ಹೊತ್ತು ಕಳೆಯಬೇಡಿ, ಕೈಗೆ ಸಿಕ್ಕ ಶುದ್ಧ ನೀರು ಸಾಕು. ಉಜ್ಜಬಾರದು. ಎದೆಹಾಲು, ಎಣ್ಣೆ, ತುಪ್ಪ, ಅಡುಗೆ ಸೋಡಾ ಯಾವುದೂ ಬೇಡ. ತೊಳೆದಾದ ಮೇಲೆ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಬಿದ್ದರೂ ಹಾಗೆಯೇ: ಬಟ್ಟೆ ಕಳಚಿ ತೊಳೆಯಿರಿ. ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿ.

ಗ್ಯಾರೇಜಿನ ಮಾಲೀಕರಿಗೂ ಒಂದು ಕೋರಿಕೆ. ಹುಡುಗರಿಗೆ ಕನ್ನಡಕ, ರಬ್ಬರ್ ಕೈಗವಸು ಕೊಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಒಂದು ಬೀಡಿಯ ಕಿಡಿಗೆ ಬ್ಯಾಟರಿಯೇ ಸಿಡಿಯಬಹುದು. ಬಿಚ್ಚುವಾಗ ಮೊದಲು ನೆಗೆಟಿವ್ ವೈರ್ ತೆಗೆಯಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಒಳಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಮ್ಮ ಬೋರ್‌ವೆಲ್ಲಿನ ಸವಳು ನೀರು ಬೇಡವೇ ಬೇಡ. ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಯಾರಾದರೂ ಕುಡಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಸಾಗಿಸಿ.

ಪ್ರಶ್ನೆ: ನಮ್ಮದು ತುಂಗಭದ್ರಾ ಹಿನ್ನೀರಿನ ಊರು, ಮೀನು ಹಿಡಿಯುವ ಮನೆತನ. ಹಳೆಯ ಬ್ಯಾಟರಿ ಒಡೆದು, ಹಿತ್ತಿಲ ಒಲೆಯಲ್ಲಿ ಸೀಸ ಕರಗಿಸಿ ಬಲೆಗೆ ಗುಂಡು ಎರೆಯುತ್ತೇವೆ. ನಾಲ್ಕು ವರ್ಷದ ಮಗಳಿಗೆ ಆಗಾಗ ಹೊಟ್ಟೆನೋವು, ಮಲಬದ್ಧತೆ. ಮುಖ ಬಿಳಚಿಕೊಂಡಿದೆ. ಜಂತುಹುಳದ ಔಷಧಿ ಕೊಟ್ಟರೂ ಗುಣವಿಲ್ಲ.
– ಒಬ್ಬ ತಾಯಿ, ಹಗರಿಬೊಮ್ಮನಹಳ್ಳಿ ತಾಲ್ಲೂಕು

ಉತ್ತರ: ತಾಯಿ, ಒಲೆಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ಮಗುವಿಗೆ ಸೀಸದ ವಿಷ ಏರಿರುವ ಸಾಧ್ಯತೆ ಇದೆ. ಸೀಸ ಕರಗಿದಾಗ ಏಳುವ ಹೊಗೆ, ಒಡೆದ ಬ್ಯಾಟರಿಯ ಪುಡಿ ಹಿತ್ತಿಲ ಮಣ್ಣಿನಲ್ಲಿ, ಬಟ್ಟೆಯಲ್ಲಿ, ಪಾತ್ರೆಯಲ್ಲಿ ಕೂರುತ್ತದೆ. ಮಕ್ಕಳು ನೆಲದಲ್ಲಿ ಆಡಿ ಬೆರಳು ಬಾಯಿಗಿಡುತ್ತಾರೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹತ್ತನೇ ಒಂದು ಭಾಗದಷ್ಟು ಹೀರಿಕೊಂಡರೆ ಮಕ್ಕಳ ದೇಹ ಅರ್ಧದಷ್ಟನ್ನು ಹೀರುತ್ತದೆ. ಅದು ಮೂಳೆಯಲ್ಲಿ ಸೇರಿ ದಶಕಗಟ್ಟಲೆ ಉಳಿಯುತ್ತದೆ, ರಕ್ತ ಕಡಿಮೆ ಮಾಡುತ್ತದೆ, ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಬಳಿಯ ಒಂದು ಬಡಾವಣೆಯಲ್ಲಿ ಹಳೆಯ ಬ್ಯಾಟರಿಗಳ ಸೀಸ ಬೆರೆತ ಮಣ್ಣಿನಿಂದ 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಇವತ್ತಿನಿಂದಲೇ ಆ ಒಲೆ ನಿಲ್ಲಬೇಕು, ಅದಕ್ಕೆ ಹೇಳುತ್ತಿದ್ದೇನೆ.

ಮಗುವನ್ನು ದಾವಣಗೆರೆ ಅಥವಾ ಬಳ್ಳಾರಿಯ ದೊಡ್ಡ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ, ‘ಮನೆಯಲ್ಲಿ ಸೀಸ ಕರಗಿಸುತ್ತೇವೆ, ರಕ್ತದಲ್ಲಿ ಸೀಸದ ಮಟ್ಟ ನೋಡಿ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಮಟ್ಟ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು. ತೀರಾ ಹೆಚ್ಚಿದ್ದರೆ ಅದನ್ನು ಹೊರಹಾಕುವ ಔಷಧಿ ಇದೆ, ಆದರೆ ಆಸ್ಪತ್ರೆಯಲ್ಲೇ ಕೊಡಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಕೊರತೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಹಾಲು, ಮೊಸರು, ರಾಗಿ, ಸೊಪ್ಪು, ಮೊಟ್ಟೆ ಕೊಡಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟಕ್ಕೆ ಮೊದಲು ಸಾಬೂನಿನಲ್ಲಿ ಕೈ ತೊಳೆಸಿ. ಮನೆಯ ಉಳಿದ ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಇನ್ವರ್ಟರಿನ ಹಳೆಯ ಬ್ಯಾಟರಿ ಮಲಗುವ ಕೋಣೆಯಲ್ಲಿದೆ. ಸೊಸೆ ಗರ್ಭಿಣಿ. ತೊಂದರೆಯೇ? ಗುಜರಿಯವರು ಕೇಳುತ್ತಿದ್ದಾರೆ, ಕೊಡಬಹುದೆ?
– ಹಿರಿಯರು, ಹಡಗಲಿ

ಉತ್ತರ: ಸೋರದ, ಒಡೆಯದ ಬ್ಯಾಟರಿಯಿಂದ ಸೀಸ ಹೊರಗೆ ಬರುವುದಿಲ್ಲ, ಹೆದರಬೇಡಿ. ಆದರೂ ಚಾರ್ಜ್ ಆಗುವಾಗ ಅನಿಲ ಬರುವುದರಿಂದ ಅದು ಗಾಳಿಯಾಡುವ ಪಡಸಾಲೆಯಲ್ಲೋ ವರಾಂಡದಲ್ಲೋ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಗರ್ಭಿಣಿ ಅದನ್ನು ಎತ್ತುವುದು, ಒರೆಸುವುದು, ನೀರು ಹಾಕುವುದು ಬೇಡ. ಸೀಸ ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೂ ದಾಟುತ್ತದೆ.

ಗುಜರಿಗೆ ಕೊಡಬೇಡಿ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದು ಎಲ್ಲೋ ಒಂದು ಹಿತ್ತಿಲಿನಲ್ಲಿ ಒಡೆದು, ಮೇಲಿನ ತಾಯಿ ಬರೆದಂಥ ಒಲೆ ಸೇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸು ಪಡೆದು ನೋಂದಾಯಿತ ಮರುಬಳಕೆ ಘಟಕಕ್ಕೆ ಮುಟ್ಟಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಿ, ಬೆಲೆಯಲ್ಲೂ ಇಳಿಕೆ ಸಿಗುತ್ತದೆ. ಆಸಿಡ್ ಚರಂಡಿಗೆ ಸುರಿಯದೆ, ಮುಚ್ಚಳ ಬಿಗಿಮಾಡಿ, ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಸಾಗಿಸಿ. ಬಿಲ್ಲಿನಲ್ಲಿ ಹಳೆಯ ಬ್ಯಾಟರಿ ಪಡೆದದ್ದನ್ನು ಬರೆಸಿಕೊಳ್ಳಿ. ಹೊಸದರ ಮೇಲೆ ಹಾಕಿಸಿದ ತಿಂಗಳು, ವರ್ಷವನ್ನು ಪೇಂಟಿನಲ್ಲಿ ಬರೆಸಿ, ಮೂರನೇ ವರ್ಷದಿಂದ ಪರೀಕ್ಷೆ ತಪ್ಪಿಸಬೇಡಿ.