ಕಥಾಲೋಕ ಕೆಡವುವವರಿಗೆ ಆರು ಸೂತ್ರಗಳು

ಕಥೆ ಮುಗಿಸುವ ದಾರಿ ಕಾಣದೆ ಊರಿಗೂರನ್ನೇ ಪ್ರಳಯಕ್ಕೆ ಒಪ್ಪಿಸುವವರಿದ್ದಾರೆ. ಓದುಗ ನಾಶವನ್ನು ಸಹಿಸುತ್ತಾನೆ. ಸಾಲವೇ ಮಾಡದ ಮನೆಗೆ ಜಪ್ತಿ ಬಂದರೆ ಮಾತ್ರ ರೇಗುತ್ತಾನೆ.

1. ಕಾರಣವನ್ನು ಮೊದಲೇ ಬಿತ್ತಿ. ಮಾರ್ಕ್ವೆಜ್‌ನ ‘ನೂರು ವರ್ಷದ ಏಕಾಂತ’ದಲ್ಲಿ (1967) ಹಂದಿಬಾಲದ ಮಗು ಹುಟ್ಟೀತೆಂಬ ಭಯ ಮನೆತನದ ಮೂಲಜ್ಜಿ ಉರ್ಸುಲಾಗೆ ಮದುವೆಯ ಹೊತ್ತಿಗೇ ಇತ್ತು. ಕೊನೆಗೆ ಅದು ಹುಟ್ಟುತ್ತದೆ, ಇರುವೆಗಳು ಅದನ್ನು ಎಳೆದೊಯ್ಯುತ್ತವೆ. ಊರನ್ನು ಅಳಿಸುವ ಬಿರುಗಾಳಿ ಬರುವುದು ಆಮೇಲೆ. ಅಷ್ಟರಲ್ಲಿ ಬಾಳೆ ಕಂಪನಿ, ಬಿಡದ ಮಳೆ, ಜನರ ಮರೆವು ಸೇರಿ ಮಕೊಂಡೊ ಊರನ್ನು ಮುಕ್ಕಾಲು ಮುಗಿಸಿರುತ್ತವೆ.

2. ಆಯುಧ ಸಣ್ಣದಿರಲಿ. ಮಹಾಭಾರತದ ಮೌಸಲ ಪರ್ವದಲ್ಲಿ ಯಾದವರನ್ನು ಮುಗಿಸಿದ್ದು ಬ್ರಹ್ಮಾಸ್ತ್ರವಲ್ಲ, ಕಡಲಂಚಿನ ಜೊಂಡುಹುಲ್ಲು. ಕೃಷ್ಣನ ಮಗ ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಕೆಣಕಿದ ಹುಡುಗಾಟ, ಶಾಪ, ಹುಟ್ಟಿದ ಕಬ್ಬಿಣದ ಒನಕೆ, ಅದನ್ನು ಪುಡಿಮಾಡಿ ಕಡಲಿಗೆ ಸುರಿದದ್ದು. ಭಾಗವತದ ಪ್ರಕಾರ ಆ ಪುಡಿಯೇ ದಡ ಸೇರಿ ಹುಲ್ಲಾಯಿತು. ಪ್ರಭಾಸದಲ್ಲಿ ಕುಡಿದು ಕೂತಾಗ ಸಾತ್ಯಕಿ, ‘ಮಲಗಿದ್ದವರನ್ನು ಕೊಂದವನು’ ಎಂದು ಕುರುಕ್ಷೇತ್ರದಲ್ಲಿ ಎದುರು ಪಕ್ಷದಲ್ಲಿದ್ದ ಕೃತವರ್ಮನನ್ನು ಹಂಗಿಸುತ್ತಾನೆ. ಯುದ್ಧ ಮುಗಿದು 36 ವರ್ಷವಾದರೂ ಸಿಟ್ಟು ಆರಿಲ್ಲ! ಕೈಗೆ ಸಿಕ್ಕ ಹುಲ್ಲೇ ಒನಕೆಯಾಗುತ್ತದೆ. ದ್ವಾರಕೆಯನ್ನು ಕಡಲು ನುಂಗುವುದು, ಅರ್ಜುನ ಉಳಿದವರನ್ನು ಕರೆದುಕೊಂಡು ಹೊರಟ ಮೇಲೆ. ಈಗಿನ ಸಿನಿಮಾದವರಾದರೆ ಅಲೆಯಿಂದಲೇ ಶುರುಮಾಡುತ್ತಿದ್ದರು.

3. ಬೇಕಿದ್ದರೆ ಅಂತ್ಯವನ್ನು ಮೊದಲೇ ಹೇಳಿಬಿಡಿ. ಲಾರ್ಸ್ ವಾನ್ ಟ್ರಿಯರ್‌ನ ‘ಮೆಲಂಕೋಲಿಯಾ’ ಸಿನಿಮಾ (2011) ಆರಂಭದಲ್ಲೇ ಭೂಮಿಗೆ ಇನ್ನೊಂದು ಗ್ರಹ ಬಡಿಯುವುದನ್ನು ತೋರಿಸುತ್ತದೆ. ಮುಂದೆ ಏನಾಗುತ್ತದೆ ಎಂಬ ಕುತೂಹಲ ಅಲ್ಲಿಗೆ ಮುಗಿಯಿತು. ಯಾರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಷ್ಟೇ ಉಳಿಯಿತು. ಕೊನೆಗೆ ಅಕ್ಕ, ತಂಗಿ, ಒಬ್ಬ ಹುಡುಗ ಕೋಲುಗಳ ಗೂಡಿನೊಳಗೆ ಕೈಕೈ ಹಿಡಿದು ಕೂರುತ್ತಾರೆ. ಆ ಕೋಲುಗಳು ಏನನ್ನೂ ತಡೆಯಲಾರವು ಎಂದು ದೊಡ್ಡವರಿಬ್ಬರಿಗೂ ಗೊತ್ತು.

4. ನಷ್ಟವನ್ನು ಬಡ್ಡಿ ಸಮೇತ ವಾಪಸು ಕೊಡಬೇಡಿ. ಸಿ. ಎಸ್. ಲೂಯಿಸ್ 1955ರ ಪುಸ್ತಕದಲ್ಲಿ ನಾರ್ನಿಯಾದ ಹುಟ್ಟು ತೋರಿಸಿ, 1956ರ ‘ದಿ ಲಾಸ್ಟ್ ಬ್ಯಾಟಲ್’ನಲ್ಲಿ ಅದನ್ನು ಮುಗಿಸಿದ. ನಕ್ಷತ್ರಗಳು ಉದುರುತ್ತವೆ, ಹಿಂದೆ ಅಲ್ಲಿ ರಾಜನಾಗಿದ್ದ ಪೀಟರ್ ಆ ಲೋಕದ ಬಾಗಿಲು ಹಾಕುತ್ತಾನೆ. ಅಲ್ಲಿಗೆ ನಿಲ್ಲಬೇಕಿತ್ತು. ಬಾಗಿಲ ಆಚೆ ಇನ್ನೂ ಚೆಂದದ, ‘ನಿಜವಾದ’ ನಾರ್ನಿಯಾ ಸಿಕ್ಕಿಬಿಡುತ್ತದೆ. ಭಕ್ತರಿಗೆ ಇದು ಹಿತ. ನನಗಂತೂ ಆ ಬಾಗಿಲು ಹಾಕಿದ್ದೇ ದಂಡವಾಯಿತು ಅನ್ನಿಸುತ್ತದೆ. ‘ಎಲ್ಲಾ ಕನಸು’ ಎಂದು ಮುಗಿಸುವುದು ಇದಕ್ಕಿಂತ ಕಡೆ.

5. ಕೆಡವಲೇಬೇಕೆಂದಿಲ್ಲ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವಕ್ಕೇ ಕೈಬಿಟ್ಟ. ಮೌಸಲವೂ ಸೇರಿ ಮಿಕ್ಕ ಪರ್ವಗಳನ್ನು ಬರೆದವನು ತಿಮ್ಮಣ್ಣಕವಿ. ಗದುಗಿನ ಭಾರತ ಅರ್ಧಕ್ಕೆ ನಿಂತಿದೆ ಎಂದು ಗಮಕಿಗಳೂ ದೂರಲಿಲ್ಲ, ಕೇಳುಗರೂ ದೂರಲಿಲ್ಲ.

6. ಬೇಸರದಲ್ಲಿದ್ದಾಗ ಕೆಡವಬೇಡಿ. ಡಗ್ಲಸ್ ಆಡಮ್ಸ್ 1979ರ ಮೊದಲ ‘ಹಿಚ್‌ಹೈಕರ್’ ಕಾದಂಬರಿಯ ಆರಂಭದಲ್ಲೇ ಬೈಪಾಸ್ ರಸ್ತೆಗೋಸ್ಕರ ಭೂಮಿ ಒಡೆಸಿದಾಗ ಜನ ಬಿದ್ದುಬಿದ್ದು ನಕ್ಕರು. 1992ರ ‘ಮೋಸ್ಟ್ಲಿ ಹಾರ್ಮ್‌ಲೆಸ್’ನಲ್ಲಿ ಸಮಾಂತರ ಲೋಕಗಳ ಎಲ್ಲ ಭೂಮಿಗಳನ್ನೂ ಒಮ್ಮೆಗೇ ಅಳಿಸಿದಾಗ ನಗು ಬರಲಿಲ್ಲ. ಬೇಸರದಲ್ಲಿ ಬರೆದ ಆ ಪುಸ್ತಕ ತೀರಾ ಮಂಕಾಯಿತೆಂದು ಆಡಮ್ಸನೇ ಒಪ್ಪಿಕೊಂಡ. 2001ರಲ್ಲಿ ಆತ ತೀರಿಕೊಂಡ. ಪಾತ್ರಗಳನ್ನು ಬದುಕಿಸುವ ಕೆಲಸ 2009ರಲ್ಲಿ ಓಯಿನ್ ಕೋಲ್ಫರ್ ಪಾಲಿಗೆ ಬಂತು.